ಮತ್ತೆ ಕೂಡಿದವರ ಹಾಡು

ಹೋದ ತಿಂಗಳು ಬೆಂಗಳೂರಿಗೆ ತಮ್ಮನ ಮನೆಗೆ ಹೋಗಿದ್ದೆ. ಭಾನುವಾರ ಅವನ ಇಬ್ಬರು ಹಳೆಯ ಗೆಳೆಯರು ಬಂದಿದ್ದರು. ಮೂವರೂ ಅರವತ್ತರ ಹತ್ತಿರದವರು. ಅವಲಕ್ಕಿ ತಿಂದು ಚಹಾ ಕುಡಿಯುವಷ್ಟರಲ್ಲಿ ಜಗಳವೇ ಶುರುವಾಯಿತು. ರಾಜಕೀಯದ್ದಲ್ಲ, ಆಸ್ತಿಯದೂ ಅಲ್ಲ. ಎಂದೋ ಒಡೆದುಹೋದ ರಾಕ್ ತಂಡಗಳು ವಯಸ್ಸಾದ ಮೇಲೆ ಮತ್ತೆ ಒಟ್ಟುಗೂಡಿ ಹಾಡಬೇಕೋ ಬೇಡವೋ ಎಂಬುದು ಜಗಳ!

"ಬರೇ ರೊಕ್ಕಕ್ಕ ಬರತಾರ" ಎಂದ ಒಬ್ಬ. "ಮೊದಲಿದ್ದವರೆಲ್ಲಾ ಇದ್ದರ ಮಾತ್ರ ಅದು ಆ ತಂಡ" ಎಂದ ಇನ್ನೊಬ್ಬ. "ಕೇಳಿದರ ನಮ್ಮ ಹರೇ ನೆನಪಾಗತದ, ಅಷ್ಟು ಸಾಕಲ್ಲ?" ಎಂದ ತಮ್ಮ. ಕೊನೆಗೆ ನನ್ನ ಕಡೆ ತಿರುಗಿ, "ನೀ ಹೇಳಕ್ಕಾ" ಎಂದ.

ನನ್ನನ್ನು ಕೇಳಿದ್ದಕ್ಕೆ ಕಾರಣವಿದೆ. ಎಂಬತ್ತರ ದಶಕದಲ್ಲಿ ನಮ್ಮ ಹುಬ್ಬಳ್ಳಿಯ ಮನೆಯಲ್ಲಿ ಅವನು ಹಾಕುತ್ತಿದ್ದ ಕ್ಯಾಸೆಟ್ಟುಗಳನ್ನು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತ ನಾನೂ ಕೇಳಿದವಳೇ. ನಮ್ಮ ಸಿನಿಮಾದವರು 'ಹೊಸ ಅಲೆ' ಎಂದ ಹಾಗೆ, ಎಪ್ಪತ್ತರ ದಶಕದ ಕೊನೆಗೆ ಅವರ ಸಂಗೀತದಲ್ಲೂ 'ನ್ಯೂ ವೇವ್' ಎಂಬುದೊಂದು ಬಂದಿತ್ತು. ಚಿಕ್ಕ ಹಾಡು, ಚುರುಕು ತಾಳ, ಅಲಂಕಾರ ಕಡಿಮೆ. ಅರ್ಥವಾಗದಿದ್ದರೂ ರೊಟ್ಟಿ ಬಡಿಯಲು ಬಹಳ ಅನುಕೂಲ.

ಆ ಹೊಸ ಅಲೆಯ 'ದಿ ಪೊಲೀಸ್' ತಂಡ 1980ರಲ್ಲಿ ಮುಂಬಯಿಗೂ ಬಂದಿತ್ತು. ರಂಗಭವನದ ಆ ಕಾರ್ಯಕ್ರಮವನ್ನು ಏರ್ಪಡಿಸಿದ್ದು 'ಟೈಮ್ ಆ್ಯಂಡ್ ಟ್ಯಾಲೆಂಟ್ಸ್ ಕ್ಲಬ್', ಧರ್ಮಕಾರ್ಯಕ್ಕೆ ಹಣ ಕೂಡಿಸುತ್ತಿದ್ದ ಹೆಂಗಸರ ಸಂಘ! ಮುಂದೆ ತಂಡ ಒಡೆಯಿತು. 2007ರಲ್ಲಿ ಮೂವರೂ ಮತ್ತೆ ಸೇರಿ 2008ರ ಆಗಸ್ಟ್‌ವರೆಗೆ ಊರೂರು ತಿರುಗಿದರು. ರಾಶಿ ರಾಶಿ ಹಣ ಬಂತು. ಆದರೆ ಹೊಸ ಹಾಡುಗಳ ಒಂದು ಆಲ್ಬಂ ಬರಲಿಲ್ಲ. ಆರಂಭದ ಕಾರ್ಯಕ್ರಮಗಳಲ್ಲೊಂದು ಹೇಗೆ ಕೆಟ್ಟಿತೆಂದು ಡ್ರಮ್ ಬಾರಿಸುವ ಸ್ಟುವರ್ಟ್ ಕೋಪ್‌ಲ್ಯಾಂಡನೇ ಬರೆದುಕೊಂಡ. ಆಮೇಲೆ ಮೂವರೂ ತಮ್ಮ ತಮ್ಮ ದಾರಿ ಹಿಡಿದರು. ಮೊದಲಿದ್ದವರೆಲ್ಲ ಇದ್ದರೂ ನನಗದು ಮದುವೆಯ ಪಂಕ್ತಿಯಲ್ಲಿ ಅಕ್ಕಪಕ್ಕ ಕುಳಿತ ದಾಯಾದಿಗಳ ಊಟದ ಹಾಗೆ ಕಂಡಿತು. ಎಲೆ ತುಂಬಿತ್ತು, ಮಾತಿರಲಿಲ್ಲ.

ನನ್ನ ಮನಸ್ಸು ನಿಂತದ್ದು 'ಬ್ಲಾಂಡಿ' ತಂಡದ ಮೇಲೆ. 1974ರಲ್ಲಿ ನ್ಯೂಯಾರ್ಕಿನಲ್ಲಿ ಡೆಬಿ ಹ್ಯಾರಿ ಎಂಬ ಗಾಯಕಿ ಮತ್ತು ಗಿಟಾರಿನ ಕ್ರಿಸ್ ಸ್ಟೈನ್ ಕಟ್ಟಿದ ತಂಡ ಅದು. 1978ರ 'ಪ್ಯಾರಲಲ್ ಲೈನ್ಸ್' ಆಲ್ಬಂ ಅವರನ್ನು ಲೋಕಪ್ರಸಿದ್ಧರನ್ನಾಗಿ ಮಾಡಿತು. 1982ರಲ್ಲಿ ತಂಡ ನಿಂತೇಹೋಯಿತು. ಒಳಜಗಳವಿತ್ತು, ಹಣದ ತಾಪತ್ರಯವಿತ್ತು. ಅದರ ಮೇಲೆ ಕ್ರಿಸ್‌ಗೆ ಪೆಂಫಿಗಸ್ ಎಂಬ ಭಯಂಕರ ಚರ್ಮರೋಗ. ಮೈಯೆಲ್ಲ ಬೊಕ್ಕೆ. ಹೆಸರಿನ ಉತ್ತುಂಗ ಕಂಡ ಗಾಯಕಿ ಅವನ ಆರೈಕೆಗೆ ನಿಂತಳು. ಮುಂದೆ ಅವರಿಬ್ಬರ ಸಂಬಂಧ ಮುಗಿಯಿತು, ಸ್ನೇಹ ಮುಗಿಯಲಿಲ್ಲ. 1997ರಲ್ಲಿ ತಂಡ ಮತ್ತೆ ಕೂಡಿತು. 1999ರಲ್ಲಿ 'ಮರಿಯಾ' ಎಂಬ ಹೊಸ ಹಾಡು ಇಂಗ್ಲೆಂಡಿನಲ್ಲಿ ಮೊದಲ ಸ್ಥಾನಕ್ಕೇರಿತು. ಆಗ ಡೆಬಿಗೆ 53 ವರ್ಷ.

ಇದನ್ನು ಹೇಳಿದಾಗ ರೊಕ್ಕದ ಮಾತೆತ್ತಿದವನು ನಕ್ಕ. "ಆ ವಯಸ್ಸಿನ್ಯಾಗ ಹೆಣ್ಮಕ್ಕಳು ಸ್ಟೇಜ್ ಮ್ಯಾಲೆ ಕುಣಿಯೋದು ಛಂದ ಕಾಣಸ್ತದೇನ್ರೀ ಅಕ್ಕಾರ?" ನನಗೆ ಸಿಟ್ಟು ಬಂತು. ಇವನೇ 2003ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ರೋಲಿಂಗ್ ಸ್ಟೋನ್ಸ್ ತಂಡವನ್ನು ನೋಡಲು ರಜೆ ಹಾಕಿ ಹೋದವನು. ಅಂದು ಮಿಕ್ ಜಾಗರನಿಗೆ 59. "ಅವರು ಕುಣಿದದ್ದು ಛಂದ ಕಂಡಿತ್ತಲ್ಲ ನಿಮಗ?" ಎಂದೆ. ತಮ್ಮ ಚಪ್ಪಾಳೆ ತಟ್ಟಿದ. ಗಂಡಸಿನ ಮುಖದ ಸುಕ್ಕು ಅನುಭವ, ಹೆಂಗಸಿನದು ಅಪರಾಧ. ಈ ತಕ್ಕಡಿ ನಮಗೇನೂ ಹೊಸದಲ್ಲ, ಅಲ್ಲವೆ?

ಹಾಗಾದರೆ ಮತ್ತೆ ಕೂಡಿದವರನ್ನು ಅಳೆಯುವುದು ಹೇಗೆ? ದುಡ್ಡಿಗೆ ಬಂದರೆಂಬ ದೂರು ನನಗೆ ಒಪ್ಪಿಗೆಯಿಲ್ಲ. ಹಾಡುವುದು ಅವರ ಕಸುಬು. ಕಸುಬಿಗೆ ಕೂಲಿ ಕೇಳಿದರೆ ತಪ್ಪೇನು? ಹರೆಯ ನೆನಪಾದರೆ ಸಾಕೆನ್ನುವುದೂ ಒಪ್ಪಿಗೆಯಿಲ್ಲ. ಅದಕ್ಕೆ ಹಳೆಯ ಕ್ಯಾಸೆಟ್ಟೇ ಇದೆಯಲ್ಲ. ನಡುವಿನ ವರ್ಷಗಳಲ್ಲಿ ಬದುಕು ಕಲಿಸಿದ್ದನ್ನು ಅವರು ಹೊತ್ತು ತಂದಿದ್ದಾರೆಯೆ? ಇದು ನನ್ನ ಮೊದಲ ಪ್ರಶ್ನೆ. 'ಮರಿಯಾ' ಹಾಡಿನ ದನಿ ಹಳೆಯ ಡೆಬಿಯದಲ್ಲ. ತುಸು ತಗ್ಗಿದೆ, ಅವಸರವಿಲ್ಲ. ಆಸ್ಪತ್ರೆಯ ರಾತ್ರಿಗಳನ್ನು ಕಂಡವಳ ದನಿ ಎಂದು ನನಗನಿಸುತ್ತದೆ. ಆ ದನಿಗಾಗಿ ತಂಡ ಕೂಡಿದ್ದು ಸಾರ್ಥಕ.

ಎರಡನೆಯ ಪ್ರಶ್ನೆ ಕಷ್ಟದ್ದು. ಬರುವಾಗ ಯಾರನ್ನು ಬಿಟ್ಟು ಬಂದರು? ಗಿಟಾರಿನ ಫ್ರಾಂಕ್ ಇನ್ಫಾಂಟೆ, ಬೇಸ್ ಗಿಟಾರಿನ ನೈಜೆಲ್ ಹ್ಯಾರಿಸನ್ ಇವರನ್ನು ಬ್ಲಾಂಡಿ ಮತ್ತೆ ಸೇರಿಸಿಕೊಳ್ಳಲಿಲ್ಲ. ಅವರು ಕೋರ್ಟಿಗೆ ಹೋದರು, ಗೆಲ್ಲಲಿಲ್ಲ. 2006ರಲ್ಲಿ ರಾಕ್ ಸಂಗೀತದ 'ಹಾಲ್ ಆಫ್ ಫೇಮ್' ಗೌರವ ಸಂದಾಗ ಅವರೂ ವೇದಿಕೆಯಲ್ಲಿದ್ದರು. ಇಂದಾದರೂ ನಮ್ಮನ್ನು ನುಡಿಸಗೊಡಿ ಎಂದು ಇನ್ಫಾಂಟೆ ಎಲ್ಲರೆದುರು ಬೇಡಿಕೊಂಡ. ಡೆಬಿ ಒಪ್ಪಲಿಲ್ಲ. ಆ ದೃಶ್ಯವನ್ನು ಅಂದು ತಮ್ಮ ಮೊಬೈಲಿನಲ್ಲಿ ತೋರಿಸಿದ. ಅಷ್ಟು ಹೊತ್ತು ಅವಳ ಪರ ವಾದಿಸಿದ ನಾನು ಸುಮ್ಮನಾದೆ.

ಸುಮ್ಮನಾದದ್ದು ಯಾಕೆಂದು ಅವರಿಗೆ ಹೇಳಲಿಲ್ಲ, ನಿಮಗೆ ಹೇಳುತ್ತೇನೆ. ಧಾರವಾಡದಲ್ಲಿ ಓದುವಾಗ ನಾವು ನಾಲ್ವರು ಹುಡುಗಿಯರು ಭಾವಗೀತೆ ಹಾಡುತ್ತಿದ್ದೆವು. ಮೂವರು ಹಾಡುವವರು, ಒಬ್ಬಳು ಪೇಟಿ ಬಾರಿಸುವವಳು. 2009ರಲ್ಲಿ ಹಳೆಯ ವಿದ್ಯಾರ್ಥಿಗಳ ಸಮ್ಮೇಳನಕ್ಕೆ ನಮ್ಮನ್ನು ಹಾಡಲು ಕರೆದರು. ಪೇಟಿಯವಳ ಕೈ ಈಗ ಓಡಲಿಕ್ಕಿಲ್ಲ, ಕೀಬೋರ್ಡ್ ನುಡಿಸುವ ಹುಡುಗನೊಬ್ಬನಿದ್ದಾನೆ ಎಂದು ಒಬ್ಬಳು ಅಂದಳು. ಹೂಂ ಅಂದವಳು ನಾನು. ಅವಳ ಕೈ ಓಡುತ್ತದೋ ಇಲ್ಲವೋ, ಒಂದು ಮಾತು ಕೇಳಲಿಲ್ಲ. ಅವಳು ಅಂದು ಬಂದಿದ್ದಳು. ಸಭೆಯಲ್ಲಿ ಕುಳಿತು ಪೂರ್ತಿ ಕೇಳಿ, ಕೊನೆಗೆ ಹತ್ತಿರ ಬಂದು, "ಛಲೋ ಹಾಡಿದ್ರೆವಾ" ಎಂದು ನನ್ನ ಕೈ ಹಿಡಿದಳು. ಇನ್ಫಾಂಟೆ ಬೇಡಿಯಾದರೂ ಬೇಡಿದ. ಇವಳು ಬೇಡಲೂ ಇಲ್ಲ.

ಅಭಿಮಾನಿಗಳು ತಂಡ ಮತ್ತೆ ಕೂಡಲಿ ಎಂದು ಹಂಬಲಿಸುವಾಗ ಒಡೆದದ್ದು ಒಂದಾಗಲಿ ಎಂದು ಹಂಬಲಿಸುತ್ತಾರೆ. ಅದು ಒಳ್ಳೆಯ ಹಂಬಲವೇ. ಆದರೆ ಎಲ್ಲ ಸರಿಹೋಗುವ ವರೆಗೆ ಕಾಲ ಕಾಯುವುದಿಲ್ಲ. 1975ರಿಂದಲೂ ಬ್ಲಾಂಡಿಯ ಡ್ರಮ್ ಬಾರಿಸಿದ ಕ್ಲೆಮ್ ಬರ್ಕ್ 2025ರ ಏಪ್ರಿಲ್‌ನಲ್ಲಿ ತೀರಿಕೊಂಡ.

ಊರಿಗೆ ಬಂದ ಮರುದಿನ ಪೇಟಿಯವಳಿಗೆ ಫೋನು ಮಾಡಿದೆ. ಆ ಮಾತು ಈ ಮಾತು ಆದ ಮೇಲೆ, "ಒಮ್ಮೆ ಕೂತು ಹಾಡೋಣೇನು?" ಎಂದೆ. "ಪೇಟಿ ಮಾರಿ ಭಾಳ ವರ್ಷ ಆತವಾ" ಎಂದಳು. ಸ್ವಲ್ಪ ತಡೆದು, "ಆದರೂ ಬಾ, ಹಾಡವಂತಿ" ಎಂದಳು. ಬರುವ ಗುರುವಾರ ಹೋಗುತ್ತಿದ್ದೇನೆ.