ಪಠ್ಯದ ಪರಿವರ್ತಕ, ಅಂಗಡಿಯ ಟ್ರಾನ್ಸ್‌ಫಾರ್ಮರ್

ನಮ್ಮ ದ್ವಿತೀಯ ಪಿಯುಸಿ ತರಗತಿಗಳು ಅನುಸರಿಸುವ ಎನ್‌ಸಿಇಆರ್‌ಟಿ ಭೌತವಿಜ್ಞಾನ ಪಠ್ಯದಲ್ಲಿ ಪರಿವರ್ತಕದ ಪಾಠ ಚಿಕ್ಕದು. ಸೂತ್ರವನ್ನು ಪಡೆಯುವ ಮೊದಲು ಪಠ್ಯವು ಮೂರು ಗೃಹೀತಗಳನ್ನು ಪ್ರಾಮಾಣಿಕವಾಗಿ ಹೇಳಿಕೊಳ್ಳುತ್ತದೆ. ಪ್ರಾಥಮಿಕ ಸುರುಳಿಯ ರೋಧ ಮತ್ತು ಪ್ರವಾಹ ಅಲ್ಪ. ಎರಡೂ ಸುರುಳಿಗಳ ಮೂಲಕ ಹಾಯುವ ಕಾಂತೀಯ ಅಭಿವಾಹ ಒಂದೇ. ದ್ವಿತೀಯಕ ಸುರುಳಿಯ ಪ್ರವಾಹ ಅಲ್ಪ. ಸುತ್ತುಗಳ ಅನುಪಾತದ ಸೂತ್ರಕ್ಕೆ ಇಷ್ಟು ಸಾಕು. ಆದರೆ ಮೂರನೆಯ ಗೃಹೀತವನ್ನು ಇನ್ನೊಮ್ಮೆ ಓದಿ. ದ್ವಿತೀಯಕದ ಪ್ರವಾಹ ಅಲ್ಪವಾಗಿರುವ ಪರಿವರ್ತಕವೆಂದರೆ ಹೆಚ್ಚುಕಡಿಮೆ ಕೆಲಸವಿಲ್ಲದೆ ಕುಳಿತಿರುವ ಪರಿವರ್ತಕ! ಮುಂದೆ ಶಕ್ತಿನಷ್ಟದ ನಾಲ್ಕು ಕಾರಣಗಳು ಬರುತ್ತವೆ: ಅಭಿವಾಹದ ಸೋರಿಕೆ, ತಂತಿಯ ರೋಧ, ಸುಳಿ ಪ್ರವಾಹ, ಹಿಸ್ಟರಿಸಿಸ್. ನಷ್ಟ ನೂರಕ್ಕೆ ಎಷ್ಟು, ಯಾವ ಗಾತ್ರದ ಪರಿವರ್ತಕದಲ್ಲಿ ಎಷ್ಟು ಎಂಬ ಪ್ರಶ್ನೆ ಪರೀಕ್ಷೆಯಲ್ಲಿ ಬರುವುದಿಲ್ಲವಾದ್ದರಿಂದ ತರಗತಿಯಲ್ಲಿಯೂ ಏಳುವುದಿಲ್ಲ.

ಈ ಕೊರತೆ ಬಯಲಾಗುವುದು ವಿದ್ಯಾರ್ಥಿ ತಾನೇ ಒಂದು ಯಂತ್ರ ಕಟ್ಟಹೊರಟಾಗ. ಕಂಪ್ಯೂಟರಿನ ಆಜ್ಞೆಯಂತೆ ಮರ, ಅಕ್ರಿಲಿಕ್ ಅಥವಾ ಅಲ್ಯೂಮಿನಿಯಂ ಹಲಗೆಯನ್ನು ಕೊರೆಯುವ ಪುಟ್ಟ ಸಿಎನ್‌ಸಿ ಯಂತ್ರ ಈಗ ಪಾಲಿಟೆಕ್ನಿಕ್ ಮತ್ತು ಪದವಿ ಕಾಲೇಜುಗಳ ಮೆಚ್ಚಿನ ಪ್ರಾಜೆಕ್ಟು. ಅದರ ಮೂರು ಅಕ್ಷಗಳನ್ನು ಸಾಮಾನ್ಯವಾಗಿ ಮೂರು ಸ್ಟೆಪ್ಪರ್ ಮೋಟಾರುಗಳು ಚಲಿಸುತ್ತವೆ. 57 ಮಿಲಿಮೀಟರ್ ಮುಖದ ಒಂದು ಮೋಟಾರನ್ನು ತೆಗೆದುಕೊಳ್ಳೋಣ. ಒಂದು ಸುರುಳಿಯ ಪ್ರವಾಹ 2.8 ಆಂಪಿಯರ್, ರೋಧ ಸುಮಾರು 0.9 ಓಮ್. ಗುಣಿಸಿದರೆ 2.5 ವೋಲ್ಟ್. ಹಾಗಾದರೆ ಚಾಲಕ ಮಂಡಲದ ಕೈಪಿಡಿ 36 ವೋಲ್ಟ್ ನೇರ ವಿದ್ಯುತ್ತನ್ನು ಏಕೆ ಕೇಳುತ್ತದೆ? ಸುರುಳಿಗೆ ಪ್ರೇರಕತ್ವವಿದೆ, ಸೆಕೆಂಡಿಗೆ ಸಾವಿರಾರು ಹೆಜ್ಜೆ ಇಡುವಾಗ ಪ್ರತಿ ಹೆಜ್ಜೆಗೂ ಪ್ರವಾಹ ಥಟ್ಟನೆ ಏರಬೇಕು. ಹೆಚ್ಚು ವೋಲ್ಟೇಜ್ ಅದನ್ನು ಏರಿಸುತ್ತದೆ, 2.8 ಆಂಪಿಯರ್ ಮುಟ್ಟಿದೊಡನೆ ಚಾಲಕವು ಕತ್ತರಿಸುತ್ತದೆ.

ಕೈಪಿಡಿಯಲ್ಲಿ 36 ಎಂದಿದೆ ಎಂದು ವಿದ್ಯಾರ್ಥಿ ಅಂಗಡಿಗೆ ಹೋಗಿ 36 ವೋಲ್ಟಿನ ಟ್ರಾನ್ಸ್‌ಫಾರ್ಮರ್ ಕೇಳುತ್ತಾನೆ. ಚಾಲಕಕ್ಕೆ ಅಪಾಯ ಇಲ್ಲಿಂದಲೇ ಶುರು. ರೆಕ್ಟಿಫಯರ್ ಸೇತುವೆಯ ನಂತರದ ಕೆಪಾಸಿಟರ್ ತುಂಬುವುದು ಶಿಖರ ಬೆಲೆಗೆ, ಎಂದರೆ 36ರ 1.414 ಪಟ್ಟು, ಸುಮಾರು 51 ವೋಲ್ಟಿಗೆ. ಎರಡು ಡಯೋಡುಗಳ 1.4 ವೋಲ್ಟ್ ಕಳೆದರೂ 49ರ ಮೇಲೆಯೇ. ಟ್ರಾನ್ಸ್‌ಫಾರ್ಮರಿನ ಮೇಲೆ ಬರೆದ ವೋಲ್ಟೇಜ್ ಪೂರ್ಣ ಹೊರೆಯಲ್ಲಿ ದೊರೆಯುವಂಥದು. ಹೊರೆಯಿಲ್ಲದಾಗ ಸಣ್ಣ ಟ್ರಾನ್ಸ್‌ಫಾರ್ಮರುಗಳಲ್ಲಿ ಅದು ನೂರಕ್ಕೆ 10ರಷ್ಟು ಹೆಚ್ಚಿರುವುದು ಸಹಜ. ರಾತ್ರಿ ಹೊತ್ತು ಮನೆಯ 230 ವೋಲ್ಟ್ 250ನ್ನು ದಾಟಿದರೆ ಇನ್ನೊಂದು 10. ಎಲ್ಲ ಸೇರಿ 60 ವೋಲ್ಟ್ ಆಗುತ್ತದೆ. ಹವ್ಯಾಸಿಗಳು ಬಹಳವಾಗಿ ಬಳಸುವ ಟಿಬಿ6600 ಚಿಪ್ಪಿನ ಕಾರ್ಯ ವೋಲ್ಟೇಜಿನ ಮೇಲ್ಮಿತಿ 42, ಸಹಿಸುವ ಕಟ್ಟಕಡೆಯ ಮಿತಿ 50. ಇದೇ ಲೆಕ್ಕವನ್ನು 24 ವೋಲ್ಟಿನ ದ್ವಿತೀಯಕಕ್ಕೆ ಮಾಡಿ: ಅತಿ ಹೆಚ್ಚೆಂದರೆ ಸುಮಾರು 39.7. ಮಿತಿಯೊಳಗೇ ನಿಂತಿತು. ವರ್ಗ-ಸರಾಸರಿ ಬೆಲೆಗೂ ಶಿಖರ ಬೆಲೆಗೂ ಇರುವ ಸಂಬಂಧ ಅದೇ ಅಧ್ಯಾಯದಲ್ಲಿ, ಪರಿವರ್ತಕಕ್ಕೆ ಕೆಲವೇ ಪುಟಗಳ ಹಿಂದೆ ಇದೆ. ಎರಡನ್ನೂ ಜೋಡಿಸುವ ಒಂದೇ ಒಂದು ಲೆಕ್ಕ ಕೊಡಬಹುದಿತ್ತು.

ಪ್ರವಾಹದ ವಿಷಯ ಇನ್ನೂ ಸ್ವಾರಸ್ಯಕರ. ಮೂರು ಮೋಟಾರು, ತಲಾ 2.8, ಆದ್ದರಿಂದ 8.4 ಆಂಪಿಯರ್ ಎಂದು ಬಹುತೇಕರು ಕೂಡಿಸುತ್ತಾರೆ. ಶಿಕ್ಷಕರು ಇದನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಲಿ. ಮೋಟಾರುಗಳನ್ನು ಚಲಿಸದಂತೆ ಬಿಗಿಹಿಡಿದು ನಿಲ್ಲಿಸಿ, ಒಂದು ಅಮ್ಮೀಟರನ್ನು ಸುರುಳಿಯ ಹಾದಿಯಲ್ಲಿಯೂ ಇನ್ನೊಂದನ್ನು ವಿದ್ಯುತ್ ಮೂಲದಿಂದ ಬರುವ ತಂತಿಯಲ್ಲಿಯೂ ಇಡಿ. ಮೀಟರ್ ಜೋಡಿಸುವುದೂ ಬಿಚ್ಚುವುದೂ ವಿದ್ಯುತ್ ಆರಿಸಿದ ಮೇಲೆಯೇ. ಚಾಲಕ ನಡೆಯುತ್ತಿರುವಾಗ ಮೋಟಾರಿನ ತಂತಿ ಕಿತ್ತರೆ ಚಿಪ್ಪು ಕೆಡುತ್ತದೆ. ಒಂದೇ ಸುರುಳಿಯಲ್ಲಿ 2.8 ಆಂಪಿಯರ್ ಹರಿಯುತ್ತಿದ್ದರೆ ಅಲ್ಲಿ ಶಾಖವಾಗುವುದು 2.8ರ ವರ್ಗ ಗುಣಿಸು 0.9, ಎಂದರೆ 7 ವ್ಯಾಟ್. ಮೂರು ಮೋಟಾರುಗಳಿಗೆ 21 ವ್ಯಾಟ್. 36 ವೋಲ್ಟಿನ ಮೂಲದಿಂದ ಇದಕ್ಕೆ ಬೇಕಾದದ್ದು 0.6 ಆಂಪಿಯರ್, ಚಾಲಕದ ಸ್ವಂತ ಖರ್ಚು ಸೇರಿದರೂ 1 ಆಂಪಿಯರಿನ ಆಸುಪಾಸು. ಮೋಟಾರುಗಳಲ್ಲಿ 8.4, ಮೂಲದಲ್ಲಿ 1! ಮೀಟರ್ ಕೆಟ್ಟಿದೆ ಎಂದು ವಿದ್ಯಾರ್ಥಿ ಹೇಳುವ ಗಳಿಗೆಯೇ ಪಾಠದ ಗಳಿಗೆ. ವೇಗವಾಗಿ ಕತ್ತರಿಸುವ ಚಾಲಕವೂ ಒಂದು ಬಗೆಯ ಪರಿವರ್ತಕ. ನೇರ ವಿದ್ಯುತ್ತಿನಲ್ಲಿ ವೋಲ್ಟೇಜನ್ನು ತಗ್ಗಿಸಿ ಪ್ರವಾಹವನ್ನು ಹಿಗ್ಗಿಸುತ್ತದೆ. ಮೋಟಾರು ಓಡತೊಡಗಿದಾಗ ಯಾಂತ್ರಿಕ ಕೆಲಸವೂ ಸೇರಿ ಮೂಲದ ಪ್ರವಾಹ ಏರುತ್ತದೆ. ಕೂಡಿಸಿದ ಮೊತ್ತದ ಮೂರನೆಯ ಎರಡು ಭಾಗ, ಇಲ್ಲಿ 5.6 ಆಂಪಿಯರ್, ಎಂಬುದು ಬಳಕೆಯಲ್ಲಿರುವ ಮೇಲ್ಮಿತಿ.

ಹಾಗೆಂದು 24ನ್ನು 5.6ರಿಂದ ಗುಣಿಸಿ 134 ವೋಲ್ಟ್-ಆಂಪಿಯರ್, 150 ಕೊಂಡರಾಯಿತು ಎನ್ನುವಂತಿಲ್ಲ. ಕೆಪಾಸಿಟರ್ ಟ್ರಾನ್ಸ್‌ಫಾರ್ಮರಿನಿಂದ ಪ್ರವಾಹ ಸೆಳೆಯುವುದು ಅಲೆಯ ಶಿಖರದ ಹತ್ತಿರ ಮಾತ್ರ. 10 ಮಿಲಿಸೆಕೆಂಡಿನ ಅರ್ಧ ಅಲೆಯಲ್ಲಿ ಎರಡು-ಮೂರು ಮಿಲಿಸೆಕೆಂಡು. ಉಳಿದ ಹೊತ್ತು ಮೋಟಾರುಗಳನ್ನು ಸಾಕುವುದು ಕೆಪಾಸಿಟರಿನಲ್ಲಿ ಕೂಡಿಟ್ಟ ಆವೇಶ. ಅಷ್ಟು ಆವೇಶ ಅಷ್ಟು ಕಡಿಮೆ ಸಮಯದಲ್ಲಿ ಬರಬೇಕಾದರೆ ಪ್ರವಾಹ ಎತ್ತರದ ಮಿಡಿತಗಳಾಗಿ ಬರಬೇಕು. ಮಿಡಿತಗಳ ವರ್ಗ-ಸರಾಸರಿ ಬೆಲೆ ನೇರ ಪ್ರವಾಹದ 1.6ರಿಂದ 1.8 ಪಟ್ಟು. ತಂತಿಯನ್ನು ಕಾಯಿಸುವುದು ಆ ಬೆಲೆಯ ವರ್ಗ. 1.7 ಎಂದಿಟ್ಟುಕೊಂಡರೆ 228 ವೋಲ್ಟ್-ಆಂಪಿಯರ್, ಕೊಳ್ಳಬೇಕಾದದ್ದು 250. ಪೂರ್ಣ ಹೊರೆಯಲ್ಲಿ 150ರದು ತಾಮ್ರದ ನಷ್ಟದಲ್ಲಿ ಎರಡು ಪಟ್ಟಿಗೂ ಮೀರಿ ಕಾಯುತ್ತದೆ. ಮೂರು ಮೋಟಾರುಗಳೂ ಒಟ್ಟಿಗೆ ಪೂರ್ಣ ಶ್ರಮ ಪಡುವುದು ಅಪರೂಪವಾದ್ದರಿಂದ 200 ಕೂಡ ಅನೇಕರಿಗೆ ಸಾಕಾದೀತು. ಆದರೆ ವ್ಯಾಟ್ ಬೇರೆ, ವೋಲ್ಟ್-ಆಂಪಿಯರ್ ಬೇರೆ ಎಂಬುದನ್ನು ಇಷ್ಟು ಚೆನ್ನಾಗಿ ತೋರಿಸುವ ಇನ್ನೊಂದು ಉದಾಹರಣೆ ನನಗೆ ತಿಳಿದಂತೆ ಪ್ರಯೋಗಾಲಯದಲ್ಲಿ ಸಿಗದು. ಪಠ್ಯದಲ್ಲಿ ರೆಕ್ಟಿಫಯರ್ ಇರುವುದು ಅರೆವಾಹಕಗಳ ಅಧ್ಯಾಯದಲ್ಲಿ. ಅದಕ್ಕೂ ಪರಿವರ್ತಕಕ್ಕೂ ಮಾತುಕತೆಯೇ ಇಲ್ಲ.

ಇಷ್ಟೆಲ್ಲ ಏಕೆ, ಎಸ್‌ಎಂಪಿಎಸ್ ಕೊಂಡರಾಗದೇ ಎಂದು ಯಾರಾದರೂ ಕೇಳಬಹುದು. ಆಗುತ್ತದೆ. ಹಗುರ, ಮತ್ತು ಮನೆಯ ವೋಲ್ಟೇಜ್ ಏರಿಳಿದರೂ ಹೊರಬರುವುದು ಸ್ಥಿರ. ಟ್ರಾನ್ಸ್‌ಫಾರ್ಮರೇ ಯಾವಾಗಲೂ ಮೇಲು ಎಂಬ ಹವ್ಯಾಸಿಗಳ ನಂಬಿಕೆಗೆ ಆಧಾರವಿಲ್ಲ. ಆದರೂ ಭಾರದ ಅಕ್ಷ ಥಟ್ಟನೆ ನಿಂತಾಗ ಮೋಟಾರಿನಿಂದ ಹಿಂದಕ್ಕೆ ಬರುವ ಶಕ್ತಿಗೆ ಕೆಲವು ಎಸ್‌ಎಂಪಿಎಸ್‌ಗಳು ಬೆಚ್ಚಿ ನಿಂತುಬಿಡುತ್ತವೆ. ದೊಡ್ಡ ಕೆಪಾಸಿಟರ್ ಅದನ್ನು ನುಂಗಿಕೊಳ್ಳುತ್ತದೆ.

ಇನ್ನು ಕೊಳ್ಳುವ ಮಾತು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿದ್ಧ ಟ್ರಾನ್ಸ್‌ಫಾರ್ಮರುಗಳು ಸಿಗುತ್ತವೆ. ಹೇಳಿ ಸುತ್ತಿಸಿಕೊಳ್ಳಲು ಅನೇಕ ಊರುಗಳಲ್ಲಿ ವೈಂಡಿಂಗ್ ಅಂಗಡಿಗಳಿವೆ. ಚೀಟಿಯಲ್ಲಿ ಬರೆದ ಆಂಪಿಯರನ್ನು ನಂಬುವ ಬದಲು ತಕ್ಕಡಿಯನ್ನು ನಂಬಿ. ಪಟ್ಟಿಗಳನ್ನು ಜೋಡಿಸಿದ ಸಾಮಾನ್ಯ ಗರ್ಭದ 250 ವೋಲ್ಟ್-ಆಂಪಿಯರಿನ ಟ್ರಾನ್ಸ್‌ಫಾರ್ಮರ್ 4 ಕಿಲೋಗ್ರಾಮಿನ ಆಸುಪಾಸು ತೂಗಬೇಕು, ಬಳೆಯಾಕಾರದ್ದಾದರೆ ಸುಮಾರು ಎರಡೂವರೆ. ‘24 ವೋಲ್ಟ್, 10 ಆಂಪಿಯರ್’ ಎಂದು ಬರೆದ ಪಟ್ಟಿ ಗರ್ಭದ್ದು ಎರಡೇ ಕಿಲೋ ಇದ್ದರೆ, ಒಳಗೆ ತಾಮ್ರದ ಬದಲು ಅಲ್ಯೂಮಿನಿಯಂ ತಂತಿಯಿದೆ ಅಥವಾ ಬರೆದದ್ದು ಸುಳ್ಳು. ಸುತ್ತಿಸುವುದಾದರೆ ತಾಮ್ರದ ತಂತಿ, ಪೂರ್ಣ ಹೊರೆಯಲ್ಲಿ 24 ವೋಲ್ಟ್, ಎಡೆಬಿಡದ ಬಳಕೆ, ಪ್ರಾಥಮಿಕದಲ್ಲಿ 230 ಮತ್ತು 250ಕ್ಕೆ ಪ್ರತ್ಯೇಕ ಟ್ಯಾಪ್ ಎಂದು ಕಾಗದದಲ್ಲಿ ಬರೆದುಕೊಡಿ. ಗರ್ಭಕ್ಕೂ ಯಂತ್ರದ ಲೋಹದ ಚೌಕಟ್ಟಿಗೂ ಭೂಸಂಪರ್ಕ ಕಡ್ಡಾಯ. ಗುಜರಿಯ ಯುಪಿಎಸ್ ಟ್ರಾನ್ಸ್‌ಫಾರ್ಮರ್ ಬೇಡ. ಅದು ಕೆಲವು ನಿಮಿಷಗಳ ದುಡಿಮೆಗೆಂದು ಮಾಡಿದ್ದು. ಮೈಕ್ರೋವೇವ್ ಒಲೆಯದನ್ನು ಕಾಲೇಜಿನ ಬಾಗಿಲೊಳಗೆ ಬಿಡಲೇಬೇಡಿ. ಸುಮಾರು 2000 ವೋಲ್ಟಿನ ಅದರ ದ್ವಿತೀಯಕಕ್ಕೆ ಕೈ ತಗುಲಿದವರು ಬದುಕುಳಿಯುವುದು ಅದೃಷ್ಟ.

ತಂದದ್ದನ್ನು ಪರೀಕ್ಷಿಸಲು ಉಷ್ಣಮಾಪಕವೂ ಬೇಡ. ಪ್ಲಗ್ ಕಿತ್ತಿರುವಾಗ ತಣ್ಣಗಿನ ಪ್ರಾಥಮಿಕ ಸುರುಳಿಯ ರೋಧ ಅಳೆಯಿರಿ. ಪೂರ್ಣ ಹೊರೆಯಲ್ಲಿ ಮೂರು ಗಂಟೆ ಓಡಿಸಿ ಮತ್ತೆ ಅಳೆಯಿರಿ. ತಾಮ್ರದ ರೋಧವು ಸೆಲ್ಸಿಯಸ್ ತಾಪಕ್ಕೆ 234.5 ಕೂಡಿಸಿದ ಮೊತ್ತಕ್ಕೆ ಅನುಪಾತದಲ್ಲಿರುತ್ತದೆ. 25 ಡಿಗ್ರಿಯಲ್ಲಿ 8.0 ಓಮ್ ಇದ್ದದ್ದು 9.6 ಆದರೆ, 259.5 ಗುಣಿಸು 1.2, ಕಳೆ 234.5; ಒಳಗಿನ ಸರಾಸರಿ ತಾಪ 77 ಡಿಗ್ರಿ. 105 ಡಿಗ್ರಿ ತಡೆಯುವ ‘ಎ’ ವರ್ಗದ ನಿರೋಧನಕ್ಕೂ ಇದು ಕ್ಷೇಮ, ಆದರೆ ಬೇಸಿಗೆಯಲ್ಲಿ ಕೊಠಡಿ 40 ಮುಟ್ಟಿದಾಗ 15 ಡಿಗ್ರಿ ಸೇರಿಸಿ ನೋಡಬೇಕು. ಎರಡನೆಯ ಅಳತೆಯನ್ನು ಪ್ಲಗ್ ಕಿತ್ತ ಅರ್ಧ ನಿಮಿಷದೊಳಗೆ ಮುಗಿಸಿ. ಮೀಟರಿನ ತಂತಿಗಳ ರೋಧವನ್ನು ಎರಡೂ ಸಲ ಕಳೆಯಿರಿ.