ಕಾಗದದಂಥ ಪರದೆ

ಮನೆಯಲ್ಲೇ ಕುಳಿತು ಕನ್ನಡ ಪುಸ್ತಕಗಳ ಕರಡು ತಿದ್ದುವುದು ನನ್ನ ಕೆಲಸ. ಇದರಿಂದಲೇ ಸಂಸಾರ ನಡೆಯುತ್ತದೆ ಎಂದೇನೂ ಅಲ್ಲ. ನಮ್ಮ ವಜ್ರಳ್ಳಿಯ ಕಡೆ ಸಂಸಾರ ನಡೆಯುವುದು ಅಡಿಕೆಯಿಂದ. ಆದರೆ ಅಡಿಕೆಯ ದುಡ್ಡು ಮನೆಯದು; ಕರಡಿನ ದುಡ್ಡು ನನ್ನದು. ಒಂದು ಸೀರೆಗೆ, ತವರಿಗೆ ಹೋಗುವ ಬಸ್ಸಿನ ಖರ್ಚಿಗೆ ಯಾರ ಮುಖವನ್ನೂ ನೋಡಬೇಕಾಗಿಲ್ಲ ಎಂಬ ಸುಖ ಎಂಥದೆಂದು ಓದುವ ನಿಮಗೆ ವಿವರಿಸಬೇಕಾಗಿಲ್ಲ. ಹಾಗಾಗಿ ನಲವತ್ತೆಂಟು ದಾಟಿದ ಮೇಲೆ ಸಂಜೆಯಾಗುತ್ತಲೇ ಕಣ್ಣು ಉರಿಯತೊಡಗಿದಾಗ ನಾನು ಹೆದರಿದ್ದು ಕಣ್ಣಿಗಾಗಿ ಮಾತ್ರವಲ್ಲ.

ಬೆಂಗಳೂರಿನಲ್ಲಿರುವ ಮಗ ಹಬ್ಬಕ್ಕೆ ಬಂದಾಗ ಗೆಳೆಯನೊಬ್ಬ ಬಳಸಿ ಬಿಟ್ಟ ಹದಿಮೂರು ಇಂಚಿನ ಪರದೆಯೊಂದನ್ನು ತಂದುಕೊಟ್ಟ. "ಆಯಿ, ಇದು ಕಾಗದದ ಹಾಂಗೇ ಇರ್ತು. ಬೆಳಕು ಕಣ್ಣಿಗೆ ಹೊಡೆತಿಲ್ಲೆ" ಎಂದ. ಇಲೆಕ್ಟ್ರಾನಿಕ್ ಕಾಗದ ಎಂದು ಇದಕ್ಕೆ ಹೆಸರು. ಎರಡು ವರ್ಷ ಇದರ ಮುಂದೆ ಕುಳಿತಿದ್ದೇನೆ. 'ಕಾಗದದ ಹಾಗೆ' ಎಂಬ ಆ ಮಾತು ಎಷ್ಟು ನಿಜ ಎಂದು ಹೇಳುವ ಅಧಿಕಾರ ಈಗ ನನಗೆ ಬಂದಿದೆ ಎಂದುಕೊಂಡಿದ್ದೇನೆ.

ಮೊದಲು ಅದರ ಒಳಗುಟ್ಟು. ಕೂದಲೆಳೆಯಷ್ಟು ದಪ್ಪದ ಲಕ್ಷಾಂತರ ಗುಳಿಗೆಗಳು. ಪ್ರತಿಯೊಂದರಲ್ಲೂ ತಿಳಿಯಾದ ದ್ರವ, ಅದರಲ್ಲಿ ಬಿಳಿ ಕಣಗಳು ಮತ್ತು ಕಪ್ಪು ಕಣಗಳು. ಒಂದು ಬಗೆಯವು ಧನ, ಇನ್ನೊಂದು ಋಣ. ವಿದ್ಯುತ್ತು ಹರಿದ ಕಡೆ ಕಪ್ಪು ಮೇಲೆ ತೇಲಿದರೆ ಅಕ್ಷರ, ಬಿಳಿ ಮೇಲೆ ಬಂದರೆ ಹಾಳೆ. ಅಮೆರಿಕದ ಎಂಐಟಿಯಲ್ಲಿ ಹುಟ್ಟಿದ ಈ ವಿದ್ಯೆಯಿಂದ 1997ರಲ್ಲಿ 'ಇ ಇಂಕ್' ಕಂಪನಿ ಆರಂಭವಾಯಿತು. 2007ರಲ್ಲಿ ಬಂದ ಕಿಂಡಲ್ ಇದನ್ನು ಮನೆಮಾತಾಗಿಸಿತು. ಕಂಪ್ಯೂಟರಿಗೆ ಜೋಡಿಸುವಂಥ ದೊಡ್ಡ ಪರದೆಗಳು ಬಂದದ್ದು ಅದಕ್ಕೂ ಎಷ್ಟೋ ವರ್ಷ ಕಳೆದ ಮೇಲೆ.

ಹೊಗಳಬೇಕಾದ್ದನ್ನು ಮೊದಲು ಹೊಗಳುತ್ತೇನೆ. ಡಿಸೆಂಬರಿನಲ್ಲಿ ಅಂಗಳದ ತುಂಬ ಅಡಿಕೆ ಒಣಗುತ್ತಿರುವಾಗ ಜಗಲಿಯಲ್ಲಿ ಕುಳಿತು ಕೆಲಸ ಮಾಡುವುದು ನನಗೆ ಹಿಂದೆ ಸಾಧ್ಯವಿರಲಿಲ್ಲ. ಹಳೆಯ ಪರದೆಯಲ್ಲಿ ಆ ಬಿಸಿಲಿಗೆ ಕಾಣುತ್ತಿದ್ದದ್ದು ನನ್ನದೇ ಮುಖ. ಇದರಲ್ಲಿ ಬಿಸಿಲು ಹೆಚ್ಚಿದಷ್ಟೂ ಅಕ್ಷರ ಸ್ಪಷ್ಟ. ಮುನ್ನೂರು ಪುಟದ ಕಾದಂಬರಿಯನ್ನು ಮೊದಲ ಸಲ ಓದಿ ತಪ್ಪು ಗುರುತಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಉಪಕರಣವನ್ನು ನಾನು ಕಂಡಿಲ್ಲ.

ಆದರೆ ಜೂನ್ ಬಂತು. ಮಳೆಗಾಲದ ನಮ್ಮ ಮನೆಗಳನ್ನು ಬಲ್ಲವರಿಗೆ ಗೊತ್ತು, ಮಧ್ಯಾಹ್ನ ಮೂರಕ್ಕೇ ಒಳಗೆ ಸಂಜೆ. ನನ್ನ ಪರದೆಗೆ ತನ್ನದೇ ಬೆಳಕಿಲ್ಲ. ಮನೆಯ ಜೊತೆ ಅದೂ ಕತ್ತಲಾಯಿತು. ಮೇಜಿನ ಮೇಲೆ ದೀಪ ತಂದಿಟ್ಟೆ. ಅತ್ತೆ ಬಾಗಿಲಲ್ಲಿ ನಿಂತು ನೋಡಿ, "ಇದಕ್ಕೂ ದೀಪ ಹಚ್ಚವಾ?" ಎಂದು ಕೇಳಿದರು. ಈ ವಿಷಯದಲ್ಲಿ ಮಗ ಹೇಳಿದ್ದು ಅಕ್ಷರಶಃ ನಿಜ, ಅದು ಕಾಗದದ ಹಾಗೇ ಇತ್ತು!

ನಿಜವಾದ ತಕರಾರು ಬೆರಳಚ್ಚಿನದು. 'ಸ್ತ್ರೀ' ಎಂದು ಬರೆಯಬೇಕೆನ್ನಿ. ಕೆ.ಪಿ. ರಾವ್ ಅವರು ರೂಪಿಸಿದ, ನುಡಿ ತಂತ್ರಾಂಶದಲ್ಲಿ ನಾವೆಲ್ಲ ಬಳಸುವ ಕೀಲಿಮಣೆಯಲ್ಲಿ ಅದಕ್ಕೆ ಆರು ಕೀಲಿ ಒತ್ತಬೇಕು. ಸ, ಸ್, ಸ್ತ, ಸ್ತ್, ಸ್ತ್ರ, ಸ್ತ್ರೀ. ಒಂದೊಂದು ಒತ್ತಿಗೂ ಅಕ್ಷರದ ರೂಪವೇ ಬದಲಾಗುತ್ತದೆ. ಇಂಗ್ಲಿಷ್ ಅಕ್ಷರ ಬಂದು ತನ್ನ ಜಾಗದಲ್ಲಿ ಕುಳಿತರೆ ಮುಗಿಯಿತು; ನಮ್ಮದು ಹಾಗಲ್ಲ. ಕಣಗಳು ದ್ರವದಲ್ಲಿ ಈಜಿ ಬರಬೇಕಾದ್ದರಿಂದ ಪರದೆ ನಿಧಾನ. ಅವಸರದ ವಿಧಾನಕ್ಕೆ ಬದಲಿಸಿದರೆ ಕಣಗಳು ಪೂರ್ತಿ ಹಿಂದಿರುಗದೆ, ಅಳಿಸಿದ್ದರ ನೆರಳು ಉಳಿಯುತ್ತದೆ. ಸರಿಯಾಗಿ ತೊಳೆಯದ ಸ್ಲೇಟಿನ ಹಾಗೆ.

ಇಂಥ ನೆರಳಿನಲ್ಲಿ ನಾನೊಮ್ಮೆ ಮುಗ್ಗರಿಸಿದೆ. ಒಂದು ಸ್ಮರಣ ಸಂಚಿಕೆಯ ಕೊನೆಯ ಪುಟದಲ್ಲಿ 'ದನಸಹಾಯ ನೀಡಿದ ಮಹನೀಯರು' ಎಂದಿತ್ತು. ದ ಧ ಆಗಲು ಬೇಕಾದದ್ದು ಹೊಟ್ಟೆ ಸೀಳುವ ಒಂದು ಪುಟ್ಟ ಗೀರು. ಹಿಂದಿನ ಪುಟದ ಯಾವುದೋ ಅಕ್ಷರದ ಬಾಲ ಸರಿಯಾಗಿ ಅದೇ ಜಾಗದಲ್ಲಿ ಮಸುಕಾಗಿ ಉಳಿದಿತ್ತು. 'ಧನ' ಎಂದೇ ಓದಿಕೊಂಡು ಮುಂದೆ ಹೋದೆ. ಸಂಚಿಕೆ ಅಚ್ಚಾಗಿ ಬಂದಾಗ ಹಣ ಕೊಟ್ಟವರೆಲ್ಲ ದನ ಕೊಟ್ಟವರಾಗಿದ್ದರು. ಊರು ನಕ್ಕಿತು. ನಾನು ನಗಲಿಲ್ಲ, ಏಕೆಂದರೆ ಮುಂದಿನ ವರ್ಷದ ಸಂಚಿಕೆ ನನ್ನ ಬಳಿ ಬರಲಿಲ್ಲ. ಕಾಗದ ಹೀಗೆ ಮಾಡುವುದಿಲ್ಲ. ಹಿಂದಿನ ಪುಟದ ಅಕ್ಷರ ಮುಂದಿನ ಪುಟದ ಮೇಲೆ ಬಂದು ಕೂರುವುದಿಲ್ಲ.

ತಪ್ಪನ್ನೆಲ್ಲ ಪರದೆಯ ತಲೆಗೇ ಕಟ್ಟಿದರೆ ಅನ್ಯಾಯವಾದೀತು. ಪರದೆಯನ್ನು ಒಮ್ಮೆ ಪೂರ್ತಿ ತೊಳೆಯುವ ಗುಂಡಿ ಅದರಲ್ಲೇ ಇದೆ, ನಾನು ಒತ್ತಿರಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಆಗ ರಾತ್ರಿ ಹನ್ನೊಂದು ಗಂಟೆ. ಅಡುಗೆ, ಪಾತ್ರೆ, ಕೊಟ್ಟಿಗೆ ಎಲ್ಲ ಮುಗಿಸಿ ಕುಳಿತದ್ದು. ಹಿಂದೆಲ್ಲ ಒಂಬತ್ತಕ್ಕೆ ಕಣ್ಣು ಉರಿಯುತ್ತಿತ್ತು, ನಾನು ಎದ್ದುಬಿಡುತ್ತಿದ್ದೆ. ಆ ಉರಿಯೇ ನನ್ನ ಗಡಿಯಾರವಾಗಿತ್ತು. ಈ ಪರದೆ ಉರಿಯನ್ನು ತಗ್ಗಿಸಿ ಎರಡು ತಾಸು ಹೆಚ್ಚು ದುಡಿಸಿತು. ದಣಿದದ್ದು ಕಣ್ಣಲ್ಲ, ನಾನು. ಅದನ್ನು ಹೇಳಲು ಯಾರೂ ಉಳಿದಿರಲಿಲ್ಲ.

ಕಣ್ಣಿನ ವೈದ್ಯರು ಹೇಳುವುದೂ ಇದಕ್ಕೆ ಹತ್ತಿರದ್ದೇ. ಪರದೆ ಯಾವುದೇ ಇರಲಿ, ಒಂದೇ ಸಮನೆ ದಿಟ್ಟಿಸುವಾಗ ನಾವು ರೆಪ್ಪೆ ಬಡಿಯುವುದು ಕಡಿಮೆ. ಕಣ್ಣು ಒಣಗುವುದು ಅದರಿಂದ. ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಅಡಿ ದೂರದ್ದನ್ನು ಇಪ್ಪತ್ತು ಸೆಕೆಂಡು ನೋಡಬೇಕಂತೆ. ತೋಟದ ಅಂಚಿನಲ್ಲಿ ಮನೆಯಿರುವ ನನಗೆ ಅದಕ್ಕೇನೂ ಬಡತನವಿಲ್ಲ. ಮಾಡದೇ ಇದ್ದದ್ದು ನನ್ನ ತಪ್ಪು.

ಹಾಗಾದರೆ ಕೊಳ್ಳಬೇಕೇ ಎಂದು ಕೇಳುವಿರಿ. 2021ರಲ್ಲಿ ಬಂದ ಇಪ್ಪತ್ತೈದು ಇಂಚಿನ ಒಂದು ಪರದೆಯ ಬೆಲೆ ಸುಮಾರು 1,800 ಡಾಲರ್, ಆಗಿನ ಲೆಕ್ಕಕ್ಕೆ ಲಕ್ಷದ ಮೇಲೆ ಮೂವತ್ತು ಸಾವಿರ. ಕರಡು ತಿದ್ದುವ ಹೆಂಗಸು ಇದನ್ನು ತನ್ನ ಸಂಪಾದನೆಯಲ್ಲಿ ಕೊಳ್ಳುವಂತಿಲ್ಲ. ಯಾರಾದರೂ ಕೊಟ್ಟರೆ ಬೇಡ ಎನ್ನಬೇಡಿ. ಹಗಲು ಓದುವುದಕ್ಕೆ, ಗುರುತು ಹಾಕುವುದಕ್ಕೆ ಇಟ್ಟುಕೊಳ್ಳಿ. ಬೆರಳಚ್ಚಿಗೆ ಹಳೆಯ ಪರದೆಯೇ ಇರಲಿ. ಕಡೆಯ ಕರಡನ್ನು ಮಾತ್ರ ನಿಜವಾದ ಕಾಗದದ ಮೇಲೆ ನೋಡಿ.

ಈಗ ನಾನು ಅದನ್ನೇ ಮಾಡುತ್ತಿದ್ದೇನೆ. ರಾತ್ರಿ ಒಂಬತ್ತಕ್ಕೆ, ಕಣ್ಣು ಉರಿಯಲಿ ಬಿಡಲಿ, ಎದ್ದುಬಿಡುತ್ತೇನೆ. ತಂತಿ ಕಿತ್ತರೂ ಪರದೆಯ ಮೇಲೆ ಕಡೆಯ ಪುಟ ಹಾಗೇ ನಿಂತಿರುತ್ತದೆ, ಬೆಳಗಿನ ತನಕ. ಅವಸರವೇನೂ ಇಲ್ಲ.