ಪರದೆಯ ಅಳತೆ ಬಿಡಿ, ಕಿವಿ ಕೊಡಿ

ದೊಡ್ಡ ಸಿನಿಮಾ ಬಂತೆಂದರೆ ಠಾಣೆಯಿಂದ ಕಲ್ಯಾಣದವರೆಗಿನ ನಮ್ಮ ಕನ್ನಡ ಬಳಗದಲ್ಲಿ ಏಳುವ ಪ್ರಶ್ನೆ ಒಂದೇ: ‘ಎಲ್ಲಿಯ ಪರದೆ ದೊಡ್ಡದು?’ ಅದರ ಹಿಂದೆಯೇ ಸೀಟು ಮಲಗುವಂಥದ್ದೋ, ತಿಂಡಿ ಕೂತಲ್ಲಿಗೇ ತಂದುಕೊಡುತ್ತಾರೋ ಎಂಬ ವಿಚಾರಣೆ. 2025ರ ಅಕ್ಟೋಬರ್ 2ರಂದು ‘ಕಾಂತಾರ: ಚಾಪ್ಟರ್ 1’ ತೆರೆಗೆ ಬಂದಾಗಲೂ ಹೀಗೇ ಆಯಿತು. ಅಲ್ಲಿಯ ಧ್ವನಿ ಹೇಗಿದೆ ಎಂದು ಕೇಳಿದವರನ್ನು ನಾನು ಕಾಣಲಿಲ್ಲ. ದೈವಾರಾಧನೆಯ ಕೋಲ ನೋಡಿ ಬೆಳೆದ ಕರಾವಳಿ ಊರಿನವರೇ ದೈವದ ಕಥೆಗೆ ಹೊರಟಾಗ ಕಿವಿಯನ್ನು ಮನೆಯಲ್ಲಿ ಬಿಟ್ಟು ಬಂದರೆ ಸಿಟ್ಟು ಬಾರದೆ ಇರುತ್ತದೆಯೇ?

ಧ್ವನಿಯ ವಿಷಯ ಫೇಡರ್‌ನಿಂದ ಶುರುವಾಗುತ್ತದೆ. ಪ್ರೊಜೆಕ್ಟರ್ ಕೋಣೆಯಲ್ಲಿ ಸದ್ದನ್ನು ಏರಿಸುವ, ಇಳಿಸುವ ಗುಂಡಿ ಅದು. ಡಾಲ್ಬಿ ಯಂತ್ರಗಳಲ್ಲಿ ಅದರ ಸರಿಯಾದ ಮಟ್ಟ 7. ಸ್ಟುಡಿಯೋದಲ್ಲಿ ಧ್ವನಿ ಮಿಶ್ರಣ ಮಾಡುವವರು ತಮ್ಮ ಮಿಶ್ರಣ ಕೋಣೆಯನ್ನು ಆ ಮಟ್ಟಕ್ಕೆ ಹೊಂದಿಸಿಕೊಂಡು, ಯಾವುದು ಪಿಸುಮಾತು, ಯಾವುದು ಗುಡುಗು ಎಂದು ನಿರ್ಧರಿಸುತ್ತಾರೆ. ಆದರೆ ‘ಸದ್ದು ಜೋರಾಯಿತು’ ಎಂದು ಯಾರೋ ಒಬ್ಬರು ದೂರಿದರೆ ಸಾಕು, ಗುಂಡಿ 5ಕ್ಕೆ ಇಳಿಯುತ್ತದೆ. ಮರುದಿನವೂ ಅಲ್ಲೇ ಇರುತ್ತದೆ. ಆರ್ಭಟ ಸ್ವಲ್ಪ ತಗ್ಗಿದರೆ ಏನು ಮಹಾ ಎನ್ನಬೇಡಿ. ಮೊದಲು ಸಾಯುವುದು ಸಣ್ಣ ಸದ್ದು. ಕಾಡಿನ ಜೀರುಂಡೆ, ತರಗೆಲೆ, ದೂರದಲ್ಲಿ ದೈವದ ಕಾಲಿನ ಗಗ್ಗರ ಎಲ್ಲವೂ ಏಸಿಯ ಗುಂಯ್‌ಗುಟ್ಟುವಿಕೆಯಲ್ಲಿ ಮುಳುಗಿಹೋಗುತ್ತವೆ. ಚಿತ್ರಮಂದಿರದವರು ಇಳಿಸುತ್ತಾರೆಂದು ಸ್ಟುಡಿಯೋದವರು ಇನ್ನಷ್ಟು ಏರಿಸಿ ಮಿಶ್ರಣ ಮಾಡುತ್ತಾರೆ, ಅದನ್ನು ಕೇಳಿ ಇವರು ಮತ್ತೆ ಇಳಿಸುತ್ತಾರೆ. ಈ ಜಗ್ಗಾಟದಲ್ಲಿ ಮೌನವೇ ಇಲ್ಲದ ಸಿನಿಮಾಗಳು ಹುಟ್ಟುತ್ತಿವೆ.

ಮೌನವಿಲ್ಲದಿದ್ದರೆ ‘ಕಾಂತಾರ’ದ ಕೂಗಿಗೆ ಬೆಲೆಯೇ ಇಲ್ಲ. ಬಾಲ್ಯದಲ್ಲಿ ಉಡುಪಿ ಕಡೆಯ ನಮ್ಮ ಊರಿನಲ್ಲಿ ಕೋಲದ ರಾತ್ರಿ ಹಿರಿಯರ ಬೆನ್ನ ಹಿಂದೆ ಚಾಪೆಯ ಮೇಲೆ ಕುಳಿತಿರುತ್ತಿದ್ದೆ. ದೊಂದಿಯ ಬೆಳಕು ನಮ್ಮವರೆಗೆ ಬರುತ್ತಿರಲಿಲ್ಲ. ತಾಸೆ, ನಾಗಸ್ವರ ಗಕ್ಕನೆ ನಿಂತಾಗ ಗಗ್ಗರದ ಸದ್ದು ಎಡಗಡೆಯಿಂದ ಹೊರಟು ಬೆನ್ನ ಹಿಂದೆ ಬರುತ್ತಿತ್ತು. ದೈವ ಎಲ್ಲಿದೆ ಎಂಬುದು ಕಿವಿಗೆ ಗೊತ್ತು, ಕಣ್ಣಿಗೆ ಗೊತ್ತಿಲ್ಲ. 2022ರಲ್ಲಿ ಮೊದಲ ‘ಕಾಂತಾರ’ ಬಂದಾಗ ಅದನ್ನು ನವಿ ಮುಂಬೈಯ ಒಂದು ಮಂದಿರದಲ್ಲಿ ಹಿಂದಿಯಲ್ಲಿ ನೋಡಿದೆ. ಧ್ವನಿಯನ್ನು ಅದುಮಿ ಇಟ್ಟಿದ್ದರು. ಚಿತ್ರ ಚೆನ್ನಾಗಿದೆ ಅನ್ನಿಸಿತು, ಅಷ್ಟೇ. ಕೆಲವು ದಿನಗಳ ನಂತರ ಬೇರೆಡೆ, ರಾತ್ರಿ ಆಟದಲ್ಲಿ, ಕನ್ನಡದಲ್ಲಿ ನೋಡಿದೆ. ತಂದೆ ಕಾಡಿನಲ್ಲಿ ಮರೆಯಾಗುವ ಆ ಮೊದಲ ಭಾಗದಲ್ಲೇ ನನ್ನ ಕತ್ತು ತಾನಾಗಿ ಹಿಂದೆ ತಿರುಗಿತು. ಕೊನೆಯ ಆವೇಶದ ಹೊತ್ತಿಗೆ ಇಡೀ ಮಂದಿರ ಉಸಿರು ಬಿಗಿಹಿಡಿದಿತ್ತು. ಸಿನಿಮಾ ಹೇಗೆ ನೋಡಬೇಕೆಂದು ನನಗೆ ಕಲಿಸಿದ್ದು ಆ ರಾತ್ರಿ.

ಹಾಗಾಗಿ ಹೊಸಬರು ಮೊದಲು ಅಟ್ಮಾಸ್ ಹುಡುಕಬೇಕು. 2012ರಲ್ಲಿ ಡಾಲ್ಬಿಯವರು ತಂದ ಈ ವ್ಯವಸ್ಥೆಯಲ್ಲಿ ಚಾವಣಿಯಲ್ಲೂ ಸ್ಪೀಕರುಗಳಿರುತ್ತವೆ. 128ರವರೆಗೆ ಧ್ವನಿ ಎಳೆಗಳನ್ನು 64ರವರೆಗಿನ ಸ್ಪೀಕರ್ ಸಾಲುಗಳಿಗೆ ಹಂಚಬಹುದು. ಹಳೆಯ 5.1 ಧ್ವನಿ ವ್ಯವಸ್ಥೆಯಲ್ಲಿ ‘ಹಿಂದೆ ಎಲ್ಲೋ’ ಎನ್ನುವ ಸದ್ದು, ಇಲ್ಲಿ ‘ತಲೆಯ ಮೇಲೆ, ಸ್ವಲ್ಪ ಬಲಕ್ಕೆ’ ಎಂದು ನಿಖರವಾಗುತ್ತದೆ. ಟಿಕೆಟ್ ಕೊಳ್ಳುವಾಗ ಮಾಲಿನ ಹೆಸರು ನೋಡಿ ಮರುಳಾಗಬೇಡಿ. ಸೀವುಡ್ಸ್ ನಿಲ್ದಾಣದ ಮೇಲಿನ ಮಾಲಾಗಲಿ, ಡೊಂಬಿವಲಿ ಕಡೆಯ ಪಲಾವಾದ ಎಕ್ಸ್‌ಪೀರಿಯಾ ಆಗಲಿ, ಅದೇ ಕಟ್ಟಡದ ಎರಡು ಪರದೆಗಳ ಧ್ವನಿ ಬೇರೆಬೇರೆ ಇರಬಹುದು. ಪರದೆಯ ಹೆಸರಿನ ಪಕ್ಕದಲ್ಲಿ ಅಟ್ಮಾಸ್ ಎಂದಿದೆಯೇ ನೋಡಿ. ಕೂರುವುದು ಪರದೆಯಿಂದ ಮೂರನೇ ಎರಡು ಭಾಗ ಹಿಂದೆ, ನಟ್ಟನಡುವೆ. ಧ್ವನಿ ಮಿಶ್ರಣ ಮಾಡುವವರೂ ಹೆಚ್ಚುಕಡಿಮೆ ಅಲ್ಲೇ ಕುಳಿತಿರುತ್ತಾರೆ. ಗೋಡೆಯ ಪಕ್ಕದ ಸೀಟಿನಲ್ಲಿ ಒಂದೇ ಸ್ಪೀಕರ್ ಕಿವಿಗೆ ಬಡಿಯುತ್ತದೆ, ಉಳಿದವು ಕೇಳುವುದಿಲ್ಲ.

ಐಮ್ಯಾಕ್ಸ್ ಬೇಡವೆನ್ನುವವನಲ್ಲ ನಾನು. ವಿವಿಯಾನಾ ಎಂದು ಹೆಸರಾಗಿದ್ದ ಠಾಣೆಯ ಮಾಲಿನ ಐಮ್ಯಾಕ್ಸ್‌ಗೆ ಹೋಗಿ. ಆದರೆ ಎರಡನೇ ಸಲಕ್ಕೆ. ಅದರ ಧ್ವನಿ ವ್ಯವಸ್ಥೆ ಅದರದೇ, ಅಟ್ಮಾಸ್ ಅಲ್ಲ. ಡಿಜಿಟಲ್ ಐಮ್ಯಾಕ್ಸಿನ ಚೌಕಟ್ಟು 1.90ರ ಅನುಪಾತದ್ದು, ಸಿನಿಮಾವನ್ನು 2.39ರ ಅಗಲ ಚೌಕಟ್ಟಿನಲ್ಲಿ ತೆಗೆದಿದ್ದರೆ ಮೇಲೆ ಕೆಳಗೆ ಕಪ್ಪು ಪಟ್ಟಿ ಬಿದ್ದೇ ಬೀಳುತ್ತದೆ. ಆದರೂ ‘ಬಾಹುಬಲಿ’ಯ ಎರಡು ಭಾಗಗಳನ್ನು ಸೇರಿಸಿ 2025ರ ಅಕ್ಟೋಬರ್ 31ರಂದು ಬಿಡುಗಡೆ ಮಾಡಿದ, ಮೂರೂಮುಕ್ಕಾಲು ಗಂಟೆಯ ‘ದಿ ಎಪಿಕ್’ನಂಥದ್ದಕ್ಕೆ ದೊಡ್ಡ ಪರದೆ ನ್ಯಾಯವೇ. ಅಲ್ಲಿ ಜಲಪಾತ, ಕೋಟೆ, ಸೈನ್ಯಗಳ ಅಗಲವೇ ಕಥೆ.

ತ್ರೀಡಿ ‘ಅವತಾರ್’ಗೆ ಸರಿ, ತ್ರೀಡಿಗಾಗಿಯೇ ಕಟ್ಟಿದ ಚಿತ್ರ ಅದು. ಉಳಿದವುಗಳಲ್ಲಿ ಕನ್ನಡಕ ಅರ್ಧಕ್ಕಿಂತ ಹೆಚ್ಚು ಬೆಳಕು ನುಂಗಿಹಾಕುತ್ತದೆ. ಸೀಟು ಅಲುಗಾಡಿಸಿ ಮುಖಕ್ಕೆ ನೀರು ಚಿಮುಕಿಸುವ ಫೋರ್‌ಡಿಎಕ್ಸ್ ಜಾತ್ರೆಯ ತೊಟ್ಟಿಲಿನ ಮಜಾ. ಸಿನಿಮಾ ನೋಡುವ ಕ್ರಮ ಅದಲ್ಲ.

ಭಾಷೆಯ ಮಾತು. ನಮ್ಮ ಕಡೆ ಹಿಂದಿ ಆಟಗಳೇ ಹೆಚ್ಚು, ಕನ್ನಡಕ್ಕೆ ಸಿಗುವುದು ಅನುಕೂಲವಲ್ಲದ ವೇಳೆ. ಡಬ್ಬಿಂಗ್‌ನಲ್ಲಿ ಸಂಗೀತ ಮತ್ತು ಇತರ ಸದ್ದುಗಳ ಎಳೆ ಸಾಮಾನ್ಯವಾಗಿ ಹಾಗೆಯೇ ಉಳಿದು, ಮಾತು ಬದಲಾಗುತ್ತದೆ. ‘ಕಾಂತಾರ’ಕ್ಕೆ ಬಿ. ಅಜನೀಶ್ ಲೋಕನಾಥರು ಕೊಟ್ಟ ಸಂಗೀತ ನಿಮಗೆ ಹಿಂದಿಯಲ್ಲೂ ಸಿಗುತ್ತದೆ. ಸಿಗದೇ ಹೋಗುವುದು ಕರಾವಳಿ ಕನ್ನಡದ ಏರಿಳಿತ. ಮಕ್ಕಳಿಗೆ ಕನ್ನಡ ಬಾರದು ಎಂಬ ನೆಪದಲ್ಲಿ ಹಿಂದಿ ಆಟಕ್ಕೆ ಹೋಗುವ ಮನೆಗಳು ಡೊಂಬಿವಲಿಯಲ್ಲಿ ಬಹಳ ಇವೆ. ಆ ಮಕ್ಕಳಿಗೆ ಕನ್ನಡ ಕೇಳಿಸಲು ಇದಕ್ಕಿಂತ ಒಳ್ಳೆಯ ಅವಕಾಶ ಯಾವುದಿದೆ?

ಇನ್ನು ಮಂದಿರದೊಳಗೆ ದೈವದ ಕೂಗು ಅನುಕರಿಸುವವರು, ಮೊಬೈಲ್ ಎತ್ತಿ ಆವೇಶದ ದೃಶ್ಯ ಹಿಡಿಯುವವರು. ಹೀಗೆ ದೈವದ ಅನುಕರಣೆ ಮಾಡಬೇಡಿ ಎಂದು ಚಿತ್ರ ನಿರ್ಮಿಸಿದ ಹೊಂಬಾಳೆ ಫಿಲ್ಮ್ಸ್‌ನವರೇ ‘ಚಾಪ್ಟರ್ 1’ ಬಂದಾಗ ಬಹಿರಂಗವಾಗಿ ಕೇಳಿಕೊಳ್ಳಬೇಕಾಯಿತು. ನಾಚಿಕೆಯ ವಿಷಯ.

ಒಂದು ಕೆಲಸ ಮಾಡಿ. ಆಟಕ್ಕೆ ಹತ್ತು ನಿಮಿಷ ಮೊದಲೇ ಹೋಗಿ, ಮ್ಯಾನೇಜರರನ್ನು ಕಂಡು, ಫೇಡರ್ ಎಷ್ಟರಲ್ಲಿದೆ ಎಂದು ವಿನಯದಿಂದ ಕೇಳಿ. ಹೀಗೆ ಕೇಳುವವರೇ ಇಲ್ಲದ್ದರಿಂದ ಅವರು ಬೆರಗಾಗುತ್ತಾರೆ, ಬಹಳ ಸಲ ಒಂದಿಷ್ಟು ಏರಿಸುತ್ತಾರೆ. ವಾರದ ನಡುವಿನ ಸಂಜೆ ಆಟ ಹಿಡಿಯಿರಿ. ಜನ ಕಡಿಮೆ, ಗಲಾಟೆ ಕಡಿಮೆ. ರಾತ್ರಿ ಆಟಕ್ಕೆ ಹೋದರೆ ಕಲ್ಯಾಣದ ಕೊನೆಯ ಲೋಕಲ್‌ಗೆ ಹೆದರಿ ಕೊನೆಯ ಹತ್ತು ನಿಮಿಷ ಬಿಟ್ಟು ಏಳಬೇಕಾದೀತು, ಆ ಹತ್ತು ನಿಮಿಷಕ್ಕಾಗಿಯೇ ನೀವು ಹೋಗಿರುತ್ತೀರಿ.